ಹಳೆಯ ಕಾರ್ಡಿನ ಬೆಲೆಯಲ್ಲಿ ಕಾರ್ಡಿನದೆಷ್ಟು, ಅಂಕದ್ದೆಷ್ಟು?

ಪ್ರಶ್ನೆ: ಆಟಗಾರರ ಚಿತ್ರವಿರುವ, ಉನ್ನತ ದರ್ಜೆಯ ಹಳೆಯ ಕ್ರೀಡಾ ಕಾರ್ಡುಗಳು ವಿದೇಶಿ ಹರಾಜುಗಳಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಹೋಗುತ್ತಿವೆ. ಈ ಬೆಲೆ ನ್ಯಾಯವಾದದ್ದೇ? ಉಳಿತಾಯದ ಹಣದಲ್ಲಿ ಒಂದನ್ನು ಕೊಳ್ಳಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಕಾರ್ಡಿಗೆ ಕೊಡುವ ಬೆಲೆ ಬಹುಮಟ್ಟಿಗೆ ನ್ಯಾಯವಾದದ್ದು, ಅದು ಎಷ್ಟು ಸುಸ್ಥಿತಿಯಲ್ಲಿದೆ ಎಂದು ಹತ್ತರಲ್ಲಿ ನೀಡುವ ಅಂಕಗಳ ಪೈಕಿ ಕೊನೆಯ ಒಂದೆರಡಕ್ಕಾಗಿ ಅದರ ಮೇಲೆ ಕೊಡುವ ಬೆಲೆ ಹಾಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಕಾರ್ಡನ್ನೇ ನೋಡಿ. 1991ರಲ್ಲಿ 50,000 ಡಾಲರಿಗೆ ಮಾರಾಟವಾಗಿದ್ದ ಅದರ ಒಂದು ಪ್ರತಿ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ, ಎಂದರೆ ಸುಮಾರು 100 ಕೋಟಿ ರೂಪಾಯಿಗೆ, ಹರಾಜಾಯಿತು. ಆದರೆ ಈ ಕಾರ್ಡು ಸಿಗದ ವಸ್ತುವೇನೂ ಅಲ್ಲ. ಮುದ್ರಣದ ಹಾಳೆಯಲ್ಲಿ ಮ್ಯಾಂಟಲ್ ಚಿತ್ರ ಎರಡು ಬಾರಿ ಇರುತ್ತಿತ್ತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದ ಮೇಲೂ ಸಾವಿರಕ್ಕಿಂತ ಹೆಚ್ಚು ಪ್ರತಿಗಳು ಉಳಿದುಕೊಂಡಿವೆ. ಅಪರೂಪವಾದದ್ದು ಮೂಲೆ ಸವೆಯದ, ಬಣ್ಣ ಮಾಸದ ಪ್ರತಿ. ಬಿಗ್ ಫನ್ ಬಬಲ್ ಗಮ್ಮಿನ ಕ್ರಿಕೆಟ್ ಚಿತ್ರಗಳನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಅಂಕ ಕೊಡುವವರು ಯಾರು? 1991ರಲ್ಲಿ ಆರಂಭವಾದ ಪಿಎಸ್‌ಎಯಂತಹ ಸಂಸ್ಥೆಗಳು ಮೂಲೆ, ಅಂಚು, ಮೇಲ್ಮೈ, ಚಿತ್ರ ಚೌಕಟ್ಟಿನ ನಡುವೆ ಕುಳಿತಿರುವ ರೀತಿ ಇವನ್ನೆಲ್ಲ ಪರಿಶೀಲಿಸಿ 1ರಿಂದ 10ರವರೆಗಿನ ಅಂಕ ನೀಡಿ, ಕಾರ್ಡನ್ನು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. ಕೆಲಸ ಪ್ರಾಮಾಣಿಕವಾದದ್ದೇ ಇರಬಹುದು, ಆದರೂ ತೀರ್ಪು ಮನುಷ್ಯರದು. ಪಿಎಸ್‌ಎ ಅಂಕ ನೀಡಿದ ಮೊಟ್ಟಮೊದಲ ಕಾರ್ಡು ಹಳೆಯ ಕಾಲದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರದು. ಅದಕ್ಕೆ 8 ಅಂಕ ಸಿಕ್ಕಿತ್ತು. ಕಾರ್ಡು ಚೆನ್ನಾಗಿ ಕಾಣಲೆಂದು ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ, ಹಿಂದೆ ಅದನ್ನು ಮಾರಿದ್ದ ವ್ಯಾಪಾರಿಯೊಬ್ಬ 2013ರಲ್ಲಿ ಒಪ್ಪಿಕೊಂಡ. 8 ಮತ್ತು 9ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣಿಸುವುದೇ ಕಷ್ಟವಾಗಿರುವಾಗ ಅದಕ್ಕೆ ಹಲವು ಪಟ್ಟು ಹಣ ತೆರುವುದನ್ನು ನಾನು ಒಪ್ಪಲಾರೆ.

ಇನ್ನು ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅವರ, ಫ್ಲೀರ್ ಕಂಪನಿಯ 1986ರ ಕಾರ್ಡು. ಪೂರ್ಣ 10 ಅಂಕ ಪಡೆದ ಪ್ರತಿಗಳೇ ಮುನ್ನೂರಕ್ಕಿಂತ ಹೆಚ್ಚಿವೆ. 2021ರ ಜನವರಿಯಲ್ಲಿ ಅಂಥ ಎರಡು ಪ್ರತಿಗಳಿಗೆ ತಲಾ 7,38,000 ಡಾಲರ್ ಬಂದಿತ್ತು. ಆ ವರ್ಷ ಮುಗಿಯುವ ಮೊದಲೇ ಬೆಲೆ ಅದರ ಅರ್ಧಕ್ಕಿಂತ ಕೆಳಗಿಳಿಯಿತು.

ಬೆಂಗಳೂರಿನಿಂದ ಕೊಳ್ಳುವವರಿಗೆ ಹರಾಜು ಮನೆಯ ಕಮಿಷನ್, ಸಾಗಣೆ, ಸುಂಕ ಇವೆಲ್ಲ ಬೇರೆ. ನಾಣ್ಯ, ಅಂಚೆಚೀಟಿಗಳಿಗೆ ನಮ್ಮೂರಿನಲ್ಲಿರುವಂಥ ಕೊಳ್ಳುವವರ ಬಳಗವೂ ಬೇಸ್‌ಬಾಲ್ ಕಾರ್ಡಿಗಿಲ್ಲವಾದ್ದರಿಂದ, ಮಾರುವಾಗ ಮತ್ತೆ ಅಮೆರಿಕಕ್ಕೇ ಕಳಿಸಬೇಕಾದೀತು. ಆದುದರಿಂದ ಉಳಿತಾಯದ ಹಣವನ್ನು ಇದರಲ್ಲಿ ತೊಡಗಿಸಬೇಡಿ. ಆಟಗಾರನ ಮೇಲಿನ ಪ್ರೀತಿಗಾಗಿ ಕೊಳ್ಳುವುದಾದರೆ 4ರಿಂದ 6 ಅಂಕದ, ಚಿತ್ರ ನಡುವೆ ನೇರವಾಗಿ ಕುಳಿತಿರುವ ಪ್ರತಿಯನ್ನು ಹುಡುಕಿ. ಅಲ್ಲಿ ನೀವು ಕೊಡುವ ಹಣದ ಹೆಚ್ಚಿನ ಪಾಲು ಕಾರ್ಡಿಗೇ ಸಲ್ಲುತ್ತದೆ.