ಹಿಂದೆ ದೊಡ್ಡ ಚಕ್ರ ಹಾಕಿದರೆ ಗೋ ಕಾರ್ಟ್‌ಗೆ ಪಿಕಪ್ ಬರುತ್ತದೆಯೇ?

ಪ್ರಶ್ನೆ: ಸರ್, ಗುಜರಿಯಲ್ಲಿ ಒಂದು ಸ್ಪ್ಲೆಂಡರ್ ಎಂಜಿನ್ ಸಿಕ್ಕಿದೆ. ಕಾರ್ಟ್ ಕಟ್ಟುತ್ತಿದ್ದೇವೆ. ಮುಂದೆ ಕಾರ್ಟಿನ ಸಣ್ಣ ಚಕ್ರ, ಹಿಂದೆ ಸ್ಕೂಟರ್ ಚಕ್ರ ಹಾಕಬಹುದಾ? ಹಿಂದೆ ದೊಡ್ಡದಿದ್ದರೆ ಪಿಕಪ್, ಸ್ಪೀಡು ಎರಡೂ ಜಾಸ್ತಿ ಅಂತಾರೆ. ನಿಜವಾ?

ಕಾಲೇಜುಗಳಲ್ಲಿ ಗೋ ಕಾರ್ಟ್ (ನೆಲಕ್ಕೆ ಹತ್ತಿರ ಕೂತು ಓಡಿಸುವ ಪುಟ್ಟ ರೇಸ್ ಗಾಡಿ) ಪ್ರಾಜೆಕ್ಟ್ ಶುರುವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲ ಅರ್ಧಕ್ಕೆ ಉತ್ತರ ಸುಲಭ: ಹಾಕಬಹುದು. ಮುಂದಿನ ಜೋಡಿ ಒಂದು ಅಳತೆ, ಹಿಂದಿನ ಜೋಡಿ ಇನ್ನೊಂದು ಅಳತೆ ಇದ್ದರೆ ತಪ್ಪೇನಿಲ್ಲ. ರೇಸ್ ಕಾರ್ಟ್‌ಗಳಲ್ಲೇ ಮುಂದೆ 10 ಅಂಗುಲ, ಹಿಂದೆ 11 ಅಂಗುಲ ವ್ಯಾಸದ ಟೈರುಗಳಿರುತ್ತವೆ. ಗುಜರಿ ಸಾಮಾನು ಅಂತ ಸಂಕೋಚವೂ ಬೇಡ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಕಟ್ಟಿದ ಮೊಟ್ಟಮೊದಲ ಕಾರ್ಟ್ ಓಡಿದ್ದೇ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನಿನಿಂದ.

ಎರಡನೇ ಅರ್ಧಕ್ಕೆ ಎಷ್ಟು ಸಲ ಉತ್ತರಿಸಿದರೂ ಮುಗಿಯುತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ದೊಡ್ಡ ಚಕ್ರ ಎಂಜಿನ್ನಿಗೆ ಒಂದು ಗುಂಜಿಯಷ್ಟೂ ಶಕ್ತಿ ಸೇರಿಸುವುದಿಲ್ಲ. ಅದು ಗೇರ್ ಬದಲಿಸಿದ ಹಾಗೆ, ಅಷ್ಟೇ. 11 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 88 ಸೆಂ.ಮೀ. ಸಾಗುತ್ತದೆ. 90/100-10 ಅಳತೆಯ ಸ್ಕೂಟರ್ ಟೈರಿನ ಹೊರ ವ್ಯಾಸ ಸುಮಾರು 17 ಅಂಗುಲ, ಸಾಗುವುದು 136 ಸೆಂ.ಮೀ. ದೂರ ಹೆಚ್ಚಾಯಿತು, ಒಪ್ಪಿದೆ. ಆದರೆ ಆಕ್ಸಲ್ ಅಷ್ಟೇ ಬಲದಲ್ಲಿ ತಿರುಗುವಾಗ ನೆಲಕ್ಕೆ ಸಿಗುವ ಎಳೆತ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ನೋಡಿ, ಆಮೇಲೆ ಅದನ್ನೇ ಕೈ ಮುಂದಕ್ಕೆ ಚಾಚಿ ಹಿಡಿದು ನೋಡಿ. ತೋಳು ಅದೇ, ಕೊಡ ಅದೇ, ದೂರ ಮಾತ್ರ ಬೇರೆ. ಪಿಕಪ್ ಮತ್ತು ಸ್ಪೀಡು ಎರಡೂ ಒಟ್ಟಿಗೆ ಹೆಚ್ಚುವ ಚಕ್ರ ಈ ಭೂಮಿ ಮೇಲೆ ಇಲ್ಲ.

ಈ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಅನ್ನುವುದೂ ನನಗೆ ಗೊತ್ತು. ಸ್ಪ್ಲೆಂಡರ್ ಚಕ್ರದ ಹೊರ ವ್ಯಾಸ ಸುಮಾರು 60 ಸೆಂ.ಮೀ. ಅದೇ ಎಂಜಿನ್, ಅದೇ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಇಟ್ಟು 28 ಸೆಂ.ಮೀ. ಚಕ್ರ ಹಾಕಿದರೆ, ಬೈಕಿನಲ್ಲಿ 80ರ ವೇಗಕ್ಕೆ ತಿರುಗುತ್ತಿದ್ದ ಎಂಜಿನ್ನು ಕಾರ್ಟಿನಲ್ಲಿ 37ಕ್ಕೇ ಅಷ್ಟು ಕೂಗುತ್ತದೆ. ಹುಡುಗರಿಗೆ ಬೇಜಾರಾಗುತ್ತದೆ, ಸೀದಾ ದೊಡ್ಡ ಚಕ್ರ ಹುಡುಕಲು ಹೊರಡುತ್ತಾರೆ. ಅಗತ್ಯವೇ ಇಲ್ಲ. ಹಿಂದಿನ 42 ಹಲ್ಲಿನ ಸ್ಪ್ರಾಕೆಟ್ ಬಿಚ್ಚಿ 27 ಹಲ್ಲಿನದು ಕೂರಿಸಿದರೆ 11 ಅಂಗುಲದ ಚಕ್ರವೇ 17 ಅಂಗುಲದ್ದರ ಕೆಲಸ ಮಾಡುತ್ತದೆ. ಗಾಡಿ ಎತ್ತರವಾಗುವುದಿಲ್ಲ, ತಿರುವಿನಲ್ಲಿ ಮಗುಚುವ ಭಯ ಹೆಚ್ಚುವುದಿಲ್ಲ. ಆಕ್ಸಲ್ ಮೇಲಿನ ಡಿಸ್ಕ್ ಬ್ರೇಕಿಗೂ ಹೊರೆಯಾಗುವುದಿಲ್ಲ. ಚಕ್ರ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಬ್ರೇಕ್ ಹೆಚ್ಚು ಹಿಡಿಯಬೇಕು, ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

“ಹಾಗಾದರೆ ಟ್ರ್ಯಾಕ್ಟರಿಗೆ ಯಾಕೆ ಅಷ್ಟು ದೊಡ್ಡ ಚಕ್ರ?” ಈ ಪ್ರಶ್ನೆ ಬರುತ್ತದೆಂದು ಕಾಯುತ್ತಲೇ ಇದ್ದೆ. ಟ್ರ್ಯಾಕ್ಟರಿನ ಎಳೆತ ಬರುವುದು ಗೇರ್ ಬಾಕ್ಸಿನಿಂದ, ಹಿಂದಿನ ಆಕ್ಸಲ್ ಒಳಗೆ ವೇಗವನ್ನು ಮತ್ತೆ ಮತ್ತೆ ಇಳಿಸುವ ಗೇರುಗಳಿಂದ. ದೊಡ್ಡ ಚಕ್ರ ಇರುವುದು ಕೆಸರಿನಲ್ಲಿ ಹೂತುಹೋಗದಿರಲಿ, ಮಣ್ಣಿಗೆ ಹಿಡಿತ ಸಿಗಲಿ, ಬೆಳೆ ಸಾಲಿನ ಮೇಲೆ ಹೊಟ್ಟೆ ತಾಗದಿರಲಿ ಎಂದು. ನಿಮ್ಮ ಕಾರ್ಟ್ ಗದ್ದೆಗೆ ಇಳಿಯುವುದಿಲ್ಲವಲ್ಲ.

ಬೈಕಿನ ಸ್ಪೋಕ್ಸ್ ಚಕ್ರವನ್ನಂತೂ ಮುಟ್ಟಲೇಬೇಡಿ. ಬೈಕು ತಿರುವಿನಲ್ಲಿ ವಾಲುತ್ತದೆ, ಭಾರ ಚಕ್ರದ ನೇರಕ್ಕೇ ಇಳಿಯುತ್ತದೆ. ಕಾರ್ಟ್ ವಾಲುವುದಿಲ್ಲ, ತಳ್ಳುವ ಬಲವೆಲ್ಲ ಪಕ್ಕಕ್ಕೆ. ನಮ್ಮ ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಒಮ್ಮೆ ಹುಡುಗರು ಹಾಗೆ ಕಟ್ಟಿ ತಂದಿದ್ದರು. ಎರಡನೇ ತಿರುವಿನಲ್ಲಿ ಟಣ್ ಟಣ್ ಅಂತ ನಾಲ್ಕೈದು ಸ್ಪೋಕ್ಸ್ ಹಾರಿದವು, ರಿಮ್ಮು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ತಿರುಚಿಕೊಂಡಿತು. ಓಡಿಸುತ್ತಿದ್ದವನಿಗೆ ಮೊಣಕೈ ತರಚಿದ್ದರಲ್ಲೇ ಮುಗಿಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಇನ್ನು, ಒಂದೇ ಆಕ್ಸಲ್‌ನ ಎಡ ಬಲಕ್ಕೆ ಬೇರೆ ಬೇರೆ ಚಕ್ರ ಕೂಡದು. ಕಾರ್ಟಿನ ಹಿಂದಿನ ಆಕ್ಸಲ್ ಒಂದೇ ಸರಳು, ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಇಲ್ಲ. ಎರಡೂ ಚಕ್ರ ಒಟ್ಟಿಗೇ ಸುತ್ತಬೇಕು. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿ. ಕಿರಿದಾದ ಕಡೆಗೇ ಸುತ್ತು ಹಾಕುತ್ತದೆ. ಕಾರ್ಟೂ ಹಾಗೆಯೇ ಸಣ್ಣ ಚಕ್ರದ ಕಡೆಗೆ ಎಳೆಯುತ್ತದೆ. 17 ಅಂಗುಲದ ಚಕ್ರಗಳ ವ್ಯಾಸದಲ್ಲಿ 2 ಸೆಂ.ಮೀ. ವ್ಯತ್ಯಾಸವಿದ್ದರೆ 100 ಮೀಟರಿಗೆ ಸುಮಾರು ನಾಲ್ಕೂವರೆ ಮೀಟರ್ ಟೈರು ನೆಲಕ್ಕೆ ಉಜ್ಜಲೇಬೇಕು. ಅಮೆರಿಕದ ಓವಲ್ ಟ್ರ್ಯಾಕ್‌ಗಳಲ್ಲಿ ಹೊರಗಿನ ಟೈರನ್ನು ಬೇಕೆಂದೇ ದೊಡ್ಡದಿಡುತ್ತಾರೆ, ಅಲ್ಲಿ ತಿರುವೆಲ್ಲ ಎಡಕ್ಕೇ. ಹೊಸ ಟೈರಿಗೆ ಸವೆದ ಟೈರು ಜೋಡಿಯಾದರೂ ಇದೇ ತೊಂದರೆ. ಎರಡಕ್ಕೂ ಸಮ ಗಾಳಿ ಹಾಕಿ, ಟೈರಿನ ಸುತ್ತ ಟೇಪು ಹಿಡಿದು ಅಳೆಯಿರಿ.

ಸ್ಪ್ರಾಕೆಟ್ ಬದಲಿಸುವಾಗ ಚೈನಿನ ನಂಬರೂ ನೋಡಿ: 420 ಮತ್ತು 428 ನಂಬರಿನ ಚೈನು ಎರಡರ ಪಿಚ್ಚೂ (ಪಿನ್ನಿನಿಂದ ಪಿನ್ನಿಗಿರುವ ದೂರ) 12.7 ಮಿ.ಮೀ., ಆದರೆ ಅಗಲ ಬೇರೆ. ಸ್ಪ್ರಾಕೆಟ್, ಚೈನು ಒಂದೇ ನಂಬರಿನದಿರಲಿ.

ಆಕ್ಸಲ್ ಮಾತು ಬಂದದ್ದರಿಂದ ಇನ್ನೊಂದು. ಕಾರ್ಟನ್ನು ಕೈಯಲ್ಲಿ ತಳ್ಳಿ ತಿರುಗಿಸುವಾಗ ಬಿಗಿಯಾಗುತ್ತದೆಂದು ಬೇರಿಂಗ್ ಬದಲಿಸಿದವರನ್ನು ಕಂಡಿದ್ದೇನೆ. ಬೇರಿಂಗಿನದು ತಪ್ಪಲ್ಲ. ತಿರುವಿನಲ್ಲಿ ಹೊರಚಕ್ರಕ್ಕೆ ದಾರಿ ಹೆಚ್ಚು, ಒಳಚಕ್ರಕ್ಕೆ ಕಡಿಮೆ, ಸರಳು ಎರಡನ್ನೂ ಬಿಡುವುದಿಲ್ಲ. ಅದಕ್ಕೇ ರೇಸ್ ಕಾರ್ಟಿನಲ್ಲಿ ಕಿಂಗ್ ಪಿನ್ನನ್ನು (ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ಹೊರಳುವ ಪಿನ್ನು) ಹಿಂದಕ್ಕೆ ವಾಲಿಸಿರುತ್ತಾರೆ. ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಮುಂಚಕ್ರ ಕೆಳಕ್ಕೊತ್ತಿ, ಒಳಗಿನ ಹಿಂಚಕ್ರ ನೆಲ ಬಿಟ್ಟು ಏಳುತ್ತದೆ. ಎಷ್ಟು ಚಂದದ ಉಪಾಯ! ನಿಮ್ಮ ಗಾಡಿಯಲ್ಲಿ ಒಬ್ಬರನ್ನು ಕೂರಿಸಿ, ಆ ಹಿಂಚಕ್ರದ ಕೆಳಗೆ ಪೇಪರ್ ಹಾಳೆ ಇಟ್ಟು, ಸ್ಟೀರಿಂಗ್ ಪೂರ್ತಿ ತಿರುಗಿಸಲು ಹೇಳಿ. ಹಾಳೆ ಸಲೀಸಾಗಿ ಈಚೆ ಬಂದರೆ ಕೆಲಸ ಸರಿಯಾಗಿದೆ. ಪಿನ್ನು ನೆಟ್ಟಗೆ ವೆಲ್ಡ್ ಮಾಡಿಬಿಟ್ಟಿದ್ದರೆ ಹಾಳೆ ಹರಿಯುತ್ತದೆ. ಆಗ ಹಿಂದಿನ ಒಂದು ಚಕ್ರಕ್ಕೆ ಮಾತ್ರ ಡ್ರೈವ್ ಕೊಟ್ಟು, ಇನ್ನೊಂದನ್ನು ಅದರದೇ ಬೇರಿಂಗ್ ಮೇಲೆ ಸುಮ್ಮನೆ ಸುತ್ತಲು ಬಿಡಿ.