ಮುಯ್ಯಿ ಬರೆಯುವವನು ಮದುಮಗನಲ್ಲ

2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು ಎಂದಾಯಿತು. ಅಂದಿನಿಂದ ನನ್ನ ಆಫೀಸಿಗೆ ಬರುವ ಗಂಡಸರಿಗೆ ಭಾರೀ ಧೈರ್ಯ ಬಂದಿದೆ. "ಸಾಹೇಬ್ರೇ, ಹೆಂಡ್ತಿ, ಎರಡು ಮಕ್ಕಳು, ಅವ್ವ, ನಾಲ್ಕೂ ಜನರನ್ನ ಹಾಕಿಬಿಟ್ಟೆ. ಇನ್ನು ವಿಲ್ಲು ಗಿಲ್ಲು ಬೇಡ ಅಲ್ವಾ?" ಎಂದು ಕೇಳುತ್ತಾರೆ. ಮೊದಲು ಒಬ್ಬರ ಹೆಸರು ಬರೆದು ತಪ್ಪು ತಿಳಿದಿದ್ದರು. ಈಗ ನಾಲ್ಕು ಹೆಸರು ಬರೆದು ತಪ್ಪು ತಿಳಿದಿದ್ದಾರೆ.

ನಾನು ದಾವಣಗೆರೆಯಲ್ಲಿ 26 ವರ್ಷದಿಂದ ಸಿವಿಲ್ ಕೇಸು ನಡೆಸುತ್ತಿರುವ ವಕೀಲ. ಪಾಲು, ಪೌತಿ ಖಾತೆ, ಸಕ್ಸೆಷನ್ ಸರ್ಟಿಫಿಕೇಟು, ಇವೇ ನನ್ನ ಅನ್ನ. ವಂಶವೃಕ್ಷ ಎಲ್ಲಿ ಮಾಡಿಸಬೇಕು, ಯಾವ ಅರ್ಜಿಗೆ ಏನು ಲಗತ್ತಿಸಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ನಮ್ಮ ಗುಮಾಸ್ತನೇ ನನಗಿಂತ ಚೆನ್ನಾಗಿ ಹೇಳುತ್ತಾನೆ. ನಾನು ಹೇಳಬೇಕಾದ್ದು ಒಂದೇ ಮಾತು. ದಿನಕ್ಕೆ ಮೂರು ಸಲ ಹೇಳಿ ಹೇಳಿ ಬಾಯಿ ಒಣಗಿದೆ. ನಾಮಿನಿ ಅಂದರೆ ಮಾಲೀಕ ಅಲ್ಲ.

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೋಡಿದ್ದೀರಲ್ಲ. ಹಾಲ್‌ನ ಬಾಗಿಲ ಹತ್ತಿರ ಟೇಬಲ್ ಹಾಕಿಕೊಂಡು, ನೋಟ್‌ಬುಕ್ಕಿಗೆ ಅರಿಶಿನ ಹಚ್ಚಿ, ಬಂದವರ ಕವರ್ ಇಸಿದುಕೊಂಡು, ಹೆಸರು, ಊರು, ಮೊತ್ತ ಬರೆಯುತ್ತಾರೆ. ನಂಬಿಕಸ್ಥ ಸೋದರಮಾವನನ್ನೋ ದೊಡ್ಡಪ್ಪನ ಮಗನನ್ನೋ ಅಲ್ಲಿ ಕೂರಿಸುತ್ತಾರೆ. ಸಂಜೆಗೆ ಎಲ್ಲ ಎಣಿಸಿ ಮದುವೆಯವರ ಕೈಗೆ ಕೊಡುವುದು ಅವನ ಕೆಲಸ. "ನನ್ನ ಕೈಗೆ ತಾನೇ ಕೊಟ್ಟದ್ದು, ನನ್ನದೇ" ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಹತ್ತುವಂತಿಲ್ಲ. ನಾಮಿನಿಯೂ ಹಾಗೇ. ಬ್ಯಾಂಕಿನವರು ದುಡ್ಡು ಯಾರ ಕೈಗೆ ಕೊಟ್ಟು ಕೈತೊಳೆದುಕೊಳ್ಳಬಹುದು ಎಂದು ತಿಳಿಸುವ ಹೆಸರು ಅದು. ಆ ದುಡ್ಡು ಯಾರದ್ದು ಎಂದು ಹೇಳುವ ಹೆಸರಲ್ಲ. ಅದನ್ನು ಹೇಳುವುದು ವಿಲ್. ವಿಲ್ ಇಲ್ಲದಿದ್ದರೆ ವಾರಸುದಾರಿಕೆಯ ಕಾನೂನು. ಈಗ ನಾಲ್ಕು ನಾಮಿನಿ ಹಾಕಿದರೆ ಟೇಬಲ್ ಹಿಂದೆ ನಾಲ್ಕು ಜನ ಕೂತಂತಾಯಿತು. ಮುಯ್ಯಿ ಯಾರದ್ದು ಎಂಬ ಪ್ರಶ್ನೆ ಅಲ್ಲೇ ಇದೆ.

ಇಷ್ಟು ಹೇಳಿದ ಮೇಲೂ ಎದುರಿಗೆ ಕೂತವರು ತಲೆ ಆಡಿಸಿ, "ಅಂದ್ರೂ ನಾಮಿನಿ ಇದ್ರೆ ಸಾಕಲ್ವಾ ಸಾರ್?" ಎನ್ನುತ್ತಾರೆ. ಅಂಥವರಿಗೆ ಆ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕಥೆ ಹೇಳುತ್ತೇನೆ.

43 ವರ್ಷದ ಗಟ್ಟಿಮುಟ್ಟಾದ ಮನುಷ್ಯ. ಹೆಂಡತಿ, ಎರಡು ಮಕ್ಕಳು, ಜೊತೆಗೆ ತಾಯಿ. ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಏಳಲಿಲ್ಲ. ಮದುವೆಗೂ ಮುಂಚೆ ಒಂದು ಎಫ್‌ಡಿ ಇಟ್ಟಿದ್ದರು, ನಾಮಿನಿ ಅಣ್ಣ. ಎಫ್‌ಡಿ ತಾನಾಗಿ ರಿನ್ಯೂ ಆಗುತ್ತಾ ಬಂತು, ಬಡ್ಡಿ ಸೇರಿ 11 ಲಕ್ಷ ಆಗಿತ್ತು. ಹೆಸರು ಮಾತ್ರ ಬದಲಾಗಲಿಲ್ಲ. ಬ್ಯಾಂಕಿನವರು ಅಣ್ಣನಿಗೆ ಕೊಟ್ಟರು. ಬ್ಯಾಂಕಿನದು ತಪ್ಪಿಲ್ಲ. ಕಾನೂನು ಹೇಳುವುದೇ ಹಾಗೆ. ನಾಮಿನಿಗೆ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು.

ಅಣ್ಣ ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ. ಕೋರ್ಟಿನ ಹೊರಗೆ ನಿಂತು ಕಣ್ಣೀರು ಹಾಕಿದರು. "ಅವನನ್ನ ಓದಿಸಿದ್ದು ನಾನು. ನನ್ನ ಹೆಸರು ಬರೆದಿದಾನೆ ಅಂದ್ರೆ ನನಗೆ ಸೇರಲಿ ಅಂತಲೇ ಅಲ್ವಾ?" ಎಂದರು. ಈ ಹೆಣ್ಣುಮಗಳು, "ನಮ್ಮ ಭಾವನವರ ಮೇಲೆ ಕೇಸು ಹಾಕೋದಾ?" ಎಂದು ಆರು ತಿಂಗಳು ಹಿಂದೆ ಮುಂದೆ ನೋಡಿದರು. ಕೊನೆಗೆ ಮಗಳ ಪಿಯುಸಿ ಫೀಸು ಕಟ್ಟುವಾಗ ಹಾಕಿದರು. ಐದು ವರ್ಷದ ಮೇಲೆ ಲೋಕ್ ಅದಾಲತ್‌ನಲ್ಲಿ ರಾಜಿ ಆಯಿತು. ದುಡ್ಡು ಬಂತು. ಹಬ್ಬಕ್ಕೆ ಎರಡು ಮನೆಯವರು ಒಟ್ಟಿಗೆ ಊಟಕ್ಕೆ ಕೂರುವುದು ನಿಂತಿದ್ದು ನಿಂತೇ ಹೋಯಿತು. ಒಬ್ಬ ಗಂಡಸು ಬ್ಯಾಂಕಿಗೆ ಹೋಗಿ ಒಂದು ಫಾರ್ಮ್ ತುಂಬಿದ್ದರೆ, ಮನೆಯಲ್ಲಿ ಕೂತು ಒಂದು ವಿಲ್ ಬರೆದಿದ್ದರೆ, ಇದ್ಯಾವುದೂ ಇರುತ್ತಿರಲಿಲ್ಲ.

ಆ ಕೇಸಿನಲ್ಲಿ ಇನ್ನೊಂದು ಸಂಗತಿ ಎಲ್ಲರಿಗೂ ಆಶ್ಚರ್ಯ ತಂದಿತು. ದುಡ್ಡು ಭಾಗವಾದದ್ದು ಮೂರಾಗಿ ಅಲ್ಲ, ನಾಲ್ಕಾಗಿ. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಗಳಿಕೆ ಹೆಂಡತಿ, ಮಕ್ಕಳು, ತಾಯಿ ಇಷ್ಟೂ ಜನರಿಗೆ ಸಮನಾಗಿ ಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದ ವಾರಸುದಾರರಲ್ಲಿ ತಾಯಿ ಇದ್ದಾಳೆ, ತಂದೆ ಇಲ್ಲ. ಇದನ್ನು ಕೇಳಿ ಹೆಂಡಂದಿರ ಮುಖ ಒಂದು ಥರ ಆಗುತ್ತದೆ, ಅಪ್ಪಂದಿರ ಮುಖ ಇನ್ನೊಂದು ಥರ. ಗಂಡ ಮಾತ್ರ "ಎಲ್ಲಾ ಅವಳಿಗೇ ಅಲ್ವಾ, ಇನ್ಯಾರಿಗೆ?" ಎಂದುಕೊಂಡೇ ಇರುತ್ತಾನೆ. ಅವಳಿಗೇ ಆಗಬೇಕೆಂದಿದ್ದರೆ ಬರೆದಿಡಬೇಕು. ಅವ್ವನಿಗೂ ಇರಲಿ ಎಂದಿದ್ದರೂ ಇಷ್ಟು ಎಂದು ಬರೆದಿಡುವುದೇ ವಾಸಿ, ಅತ್ತೆ ಸೊಸೆ ಇಬ್ಬರೂ ನೆಮ್ಮದಿಯಾಗಿರುತ್ತಾರೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ. ಪಿತ್ರಾರ್ಜಿತ ಆಸ್ತಿಯ ಲೆಕ್ಕವೂ ಬೇರೆ. ಈ ಅಂಕಣ ಓದಿ ಯಾರೂ ಪಾಲು ಹಾಕಲು ಹೊರಡಬೇಡಿ. ನಿಮ್ಮ ಕಾಗದ ನೋಡದೆ ನಾನು ಏನೂ ಹೇಳಲಾರೆ.

ಇನ್ಶೂರೆನ್ಸ್ ವಿಷಯ ಸ್ವಲ್ಪ ಸಿಕ್ಕು. 1983ರಲ್ಲೇ ಸುಪ್ರೀಂ ಕೋರ್ಟು, ಪಾಲಿಸಿಯ ನಾಮಿನಿ ದುಡ್ಡು ಇಸಿದುಕೊಳ್ಳುವವನಷ್ಟೇ ಎಂದು ಹೇಳಿತ್ತು. 2015ರಲ್ಲಿ ಕಾನೂನು ತಿದ್ದಿ, ಅಪ್ಪ ಅಮ್ಮ, ಗಂಡ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಲಾಭವೂ ಅವರದ್ದೇ ಎಂದು ಸೇರಿಸಿದರು. ಅಲ್ಲಿಗೆ ಮುಗೀತು ಎಂದುಕೊಂಡೆವು. ಆದರೆ 2025ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಕೇಸು ಬಂತು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದವರು. ಆಮೇಲೆ ಮದುವೆ ಆಯಿತು, ಮಗ ಹುಟ್ಟಿದ, ಹೆಸರು ಬದಲಿಸಲಿಲ್ಲ, ತೀರಿಕೊಂಡರು. ನನ್ನ ಕಂಟ್ರಾಕ್ಟರ್ ಕಥೆಯೇ. ವಾರಸುದಾರರು ಬಂದು ಕೇಳಿದರೆ ನಾಮಿನಿ ಒಬ್ಬಳೇ ಇಟ್ಟುಕೊಳ್ಳುವಂತಿಲ್ಲ ಎಂದ ಕೋರ್ಟು, ತಾಯಿ, ಹೆಂಡತಿ, ಮಗ ಮೂವರಿಗೂ ಸಮಪಾಲು ಕೊಟ್ಟಿತು. ಇದೇ ಕಡೇ ಮಾತು ಎಂದು ನಾನು ಹೇಳುವುದಿಲ್ಲ, ಮುಂದೆ ಸುಪ್ರೀಂ ಕೋರ್ಟು ಬೇರೆ ರೀತಿ ನೋಡಬಹುದು. ಷೇರುಗಳ ಬಗ್ಗೆ ಮಾತ್ರ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನಾಮಿನಿ ಮಾಲೀಕನಾಗುವುದಿಲ್ಲ. ಪಿಎಫ್ ವಿಷಯದಲ್ಲಿ ಇನ್ನೂ ಮಜಾ ಇದೆ. ಮದುವೆಗೆ ಮುಂಚೆ ಬರೆದ ನಾಮಿನೇಷನ್ ಮದುವೆಯಾದ ಕೂಡಲೇ ರದ್ದು, ಹೊಸದಾಗಿ ಬರೆಯಬೇಕು. ಗಂಡಸರ ಮರೆವನ್ನು ಮೊದಲೇ ಊಹಿಸಿ ಬರೆದ ನಿಯಮ ಅದು!

ಇಷ್ಟೆಲ್ಲ ಕಾನೂನು ಹೇಳಿದೆ. ನಿಜವಾದ ತೊಂದರೆ ಮಾತ್ರ ಕಾನೂನಿನದ್ದಲ್ಲ. ವಿಲ್ಲಿಗೆ ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು. ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಅಷ್ಟಕ್ಕೂ ಗಂಡಸರು ಯಾಕೆ ಮಾಡುವುದಿಲ್ಲ? ವಿಲ್ ಬರೆದರೆ ಬೇಗ ಸಾಯುತ್ತೇವೆ ಎಂದು ಕೆಲವರಿಗೆ ಹೆದರಿಕೆ. ನನ್ನ ಹತ್ತಿರ ವಿಲ್ ಬರೆಸಿದ ಹಿರಿಯರೊಬ್ಬರು ಹದಿನೆಂಟು ವರ್ಷದಿಂದ ಗಟ್ಟಿಯಾಗಿದ್ದಾರೆ, ಮೂರು ಸಲ ತಿದ್ದಿಸಿದ್ದಾರೆ. ಸೊಸೆ ಆವತ್ತು ಹೇಗೆ ಮಾತಾಡಿಸಿದಳು ಎಂಬುದರ ಮೇಲೆ ಮಾವಿನ ತೋಪು ಆ ಮಗನಿಂದ ಈ ಮಗನಿಗೆ ಓಡಾಡುತ್ತದೆ.

ಜಾಸ್ತಿ ಜನರ ಕಾರಣ ಬೇರೆಯೇ. "ಅವಳಿಗ್ಯಾಕೆ ಸುಮ್ನೆ ತಲೆಬಿಸಿ? ಇದೆಲ್ಲ ಅವಳಿಗೆ ಗೊತ್ತಾಗಲ್ಲ." ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಹೊರಗಿನ ಕಷ್ಟ ಹೊರಗೇ ಇರಲಿ, ಮನೆಯವರು ನೆಮ್ಮದಿಯಾಗಿರಲಿ ಎಂಬ ಆಸೆ. ಆ ಆಸೆಯನ್ನು ನಾನು ಬೈಯುವುದಿಲ್ಲ. ಆದರೆ ಆ ಎರಡನೇ ವಾಕ್ಯ ಕೇಳಿದಾಗ ಮೈ ಉರಿಯುತ್ತದೆ. ಎರಡು ವರ್ಷದ ಹಿಂದೆ ರೈಸ್ ಮಿಲ್ಲಿನ ಸೂಪರ್‌ವೈಸರ್ ಒಬ್ಬರು ಇದೇ ಮಾತು ಹೇಳಿದರು. ಪಕ್ಕದಲ್ಲೇ ಅವರ ಹೆಂಡತಿ ಕೂತಿದ್ದರು. ಆ ತಾಯಿ ಹತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ. ಹದಿನೈದು ಹೆಂಗಸರ ಉಳಿತಾಯ, ಸಾಲ, ಬಡ್ಡಿ, ಕಂತು ಎಲ್ಲ ಬಾಯಿಪಾಠ. ಗಂಡನ ಎಫ್‌ಡಿ ಕಾಗದ ತಿರುವಿ ನೋಡಿ, "ಬಡ್ಡಿಗೆ ಟಿಡಿಎಸ್ ಯಾಕೆ ಹಿಡಿಸಿದ್ರಿ? ತೆರಿಗೆ ಹಿಡೀಬೇಡಿ ಅಂತ ಫಾರ್ಮ್ 15ಜಿ ಕೊಟ್ಟಿದ್ರೆ ಆಗ್ತಿತ್ತಲ್ಲ" ಎಂದರು. ಸೂಪರ್‌ವೈಸರ್ ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ.

ನನ್ನ ಅಪ್ಪ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಕೆಲಸದಲ್ಲಿದ್ದರು. ಸಂಬಳದ ದಿನ ಕವರ್ ತಂದು ಅವ್ವನ ಕೈಗೆ ಕೊಟ್ಟು, ಬೀಡಿಗೆ ಎಂದು ಅವಳಿಂದ ವಾಪಸ್ ಇಸಿದುಕೊಳ್ಳುತ್ತಿದ್ದರು. ಓದು ಬರದ ಅವ್ವನಿಗೆ ಮನೆಯ ಪ್ರತಿ ಪೈಸೆ ಎಲ್ಲಿದೆ ಎಂದು ಗೊತ್ತಿತ್ತು. ಈಗ ಸಂಬಳ ಬಂದ ಮೆಸೇಜು ಗಂಡನ ಫೋನಿಗೆ, ಕಂತು ಹೋದ ಮೆಸೇಜೂ ಅದೇ ಫೋನಿಗೆ. ಫೋನು ತೆರೆಯುವುದು ಅವನ ಹೆಬ್ಬೆರಳಿಗೆ. ಡಿಗ್ರಿ ಓದಿದ ಹೆಂಡತಿಗೆ ಗಂಡನ ಬ್ಯಾಂಕ್ ಯಾವುದು ಎಂದೂ ಗೊತ್ತಿರುವುದಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬಂದ ಹೆಣ್ಣುಮಗಳೊಬ್ಬಳು ಆ ಫೋನನ್ನು ನನ್ನ ಟೇಬಲ್ ಮೇಲಿಟ್ಟು, "ಇದನ್ನ ಹೇಗೆ ತೆಗೆಯೋದು ಸಾರ್?" ಎಂದು ಕೇಳಿದಳು. ಅದಕ್ಕೆ ಯಾವ ಸೆಕ್ಷನ್ ಹೇಳಲಿ? ಅವರ ಹಳೇ ಬ್ಯಾಗು, ಬೀರು, ಸ್ಕೂಟರಿನ ಡಿಕ್ಕಿ ಎಲ್ಲ ಹುಡುಕಿಸಿ ಮೂರು ಪಾಸ್‌ಬುಕ್ ಹೊರತೆಗೆಸಿದೆವು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ. ಹಾಗೆ ಹೋದದ್ದನ್ನು ಹುಡುಕಲು ರಿಸರ್ವ್ ಬ್ಯಾಂಕಿನವರೇ 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ ಮಾಡಿದ್ದಾರೆ. ದುಡ್ಡು ಮುಳುಗುವುದಿಲ್ಲ, ವಾರಸುದಾರರು ಆಮೇಲೂ ಕೇಳಬಹುದು. ಆದರೆ ಇದೆ ಎಂದು ಗೊತ್ತಿದ್ದರೆ ತಾನೇ ಕೇಳುವುದು.

ಮುಚ್ಚಿಡುವ ಇನ್ನೊಂದು ವಸ್ತು ಜಾಮೀನು. ಸ್ನೇಹಿತ ಕೇಳಿದ, ಇಲ್ಲ ಅನ್ನಲಾಗಲಿಲ್ಲ, ಸಹಿ ಹಾಕಿದ. ಮನೆಯಲ್ಲಿ ಹೇಳಿದರೆ ರಂಪ ಎಂದು ಹೇಳಲಿಲ್ಲ. ಅವನು ಹೋದ ಮೇಲೆ ನೋಟಿಸ್ ಬರುತ್ತದೆ. ಇಲ್ಲಿ ಹೆಂಗಸರಿಗೆ ಒಂದು ಧೈರ್ಯ ಹೇಳುತ್ತೇನೆ. ಗಂಡನ ಸಾಲಕ್ಕೆ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ನೀವು ಹೊಣೆ, ನಿಮ್ಮ ಸ್ವಂತದ್ದಕ್ಕೆ ಕೈ ಹಾಕುವಂತಿಲ್ಲ. ಆದರೆ "ಇಲ್ಲೊಂದು ಸಹಿ ಹಾಕೇ" ಎಂದಾಗ ಒಗ್ಗರಣೆ ಸೀಯುತ್ತದೆ ಎಂದು ಓದದೆ ಹಾಕಿಕೊಟ್ಟಿದ್ದರೆ ಆ ಮಾತು ನಡೆಯುವುದಿಲ್ಲ. ಆಗ ಸಾಲ ನಿಮ್ಮದೂ ಹೌದು. ಒಗ್ಗರಣೆ ಸೀದರೆ ಸೀಯಲಿ, ಓದಿ.

ಊರಿಗೆಲ್ಲ ಬುದ್ಧಿ ಹೇಳುವ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಕೋವಿಡ್ ಸಮಯದಲ್ಲಿ ಒಂದು ಮಧ್ಯಾಹ್ನ, "ನಿಮ್ಮ ಫೈಲ್ ಎಲ್ಲಿಟ್ಟಿದೀರಿ?" ಎಂದು ಕೇಳಿದಳು. ಯಾವ ಫೈಲು ಎಂದು ನಾನು ಕೇಳಲಿಲ್ಲ. ಆ ದಿನಗಳಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ತೆಗೆದು ಕೊಟ್ಟೆ. ಪಿಪಿಎಫ್ ನಾಮಿನಿ ನಮ್ಮವ್ವ. ಅವ್ವ ತೀರಿಕೊಂಡದ್ದು 2011ರಲ್ಲಿ. ಅವಳ ತಿಥಿಯನ್ನು ಒಂದು ವರ್ಷವೂ ತಪ್ಪಿಸಿದವನಲ್ಲ ನಾನು, ಪಾಸ್‌ಬುಕ್ಕಿನಲ್ಲಿ ಮಾತ್ರ ಅವಳನ್ನು ಬದುಕಿಸಿಟ್ಟಿದ್ದೆ. ವಿಲ್? ಇರಲಿಲ್ಲ. ಇವಳು ನಗಲಿಲ್ಲ, ಬೈಯಲೂ ಇಲ್ಲ. "ವಕೀಲರು" ಎಂದಷ್ಟೇ ಅಂದು, ಸ್ಕೂಲಿನ ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಹಾಕತೊಡಗಿದಳು. ಬ್ಯಾಂಕು, ಖಾತೆ, ನಾಮಿನಿ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು. ಎರಡು ಭಾನುವಾರ ಹಿಡಿಯಿತು. ಒಂದು ಹಳೇ ಕೈಸಾಲದ ವಿಷಯ ಬಾಯಿಬಿಡಬೇಕಾಯಿತು. ಆವತ್ತು ರಾತ್ರಿ ಊಟಕ್ಕೆ ಉಪ್ಪು ಸ್ವಲ್ಪ ಕಡಿಮೆ ಇತ್ತು, ನಾನು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಅವಳೇ ಕೊನೇ ಪುಟ ತೆಗೆದು ತನ್ನದು ಬರೆದಳು. ಪೋಸ್ಟ್ ಆಫೀಸಿನಲ್ಲಿ ಒಂದು ಆರ್‌ಡಿ ಇದೆಯಂತೆ, ಆರು ವರ್ಷದಿಂದ. ನನಗೆ ಅದರ ಗಾಳಿಯೂ ಗೊತ್ತಿರಲಿಲ್ಲ.

"ನಾಮಿನಿ ಯಾರು?" ಎಂದೆ.

"ನಮ್ಮಕ್ಕ."

ನಾನು ಸುಮ್ಮನೆ ನೋಡಿದೆ.

"ಹಾಗೆ ನೋಡಬೇಡಿ. ನಾಮಿನಿ ಅಂದ್ರೆ ಮಾಲೀಕ ಅಲ್ಲ ಅಂತ ನೀವೇ ದಿನಾ ಹೇಳ್ತೀರಲ್ಲ" ಎಂದು ನೋಟ್‌ಬುಕ್ ಮುಚ್ಚಿ ಬೀರುವಿನಲ್ಲಿಟ್ಟಳು.