ಒಂದು ಎಚ್‌ಪಿ ಮೋಟರ್ ತಾಸಿಗೆ ಮುಕ್ಕಾಲು ಯೂನಿಟ್ ಅಲ್ಲ

ಪ್ರಶ್ನೆ: ಸರ್, ಸಂಪಿನ ನೀರು ಮ್ಯಾಲೆ ಏರಿಸಾಕ ಒಂದು ಎಚ್‌ಪಿ ಮೋಟರ್ ಕೂಡಿಸೇವ್ರಿ. ಒಂದು ಎಚ್‌ಪಿ ಅಂದ್ರ ಎಷ್ಟು ವ್ಯಾಟ್? ತಾಸಿಗೆ ಎಷ್ಟು ಯೂನಿಟ್ ಓಡತೈತಿ?

ಉತ್ತರ: ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬಂತು. ಹುಬ್ಬಳ್ಳಿಯಿಂದಲೂ ಬರುತ್ತದೆ, ರಾಣೆಬೆನ್ನೂರಿನಿಂದಲೂ ಬರುತ್ತದೆ. ಇದಕ್ಕೆ ಎಷ್ಟೋ ಸಲ ಉತ್ತರ ಕೊಟ್ಟಾಗಿದೆ. ಆದರೂ ತಪ್ಪು ಲೆಕ್ಕ ಹೋಗುವವರೆಗೆ ಬರೆಯಲೇಬೇಕು.

ಮೊದಲರ್ಧ ಸುಲಭ. ಎಚ್‌ಪಿ ಅಂದರೆ ಹಾರ್ಸ್‌ಪವರ್, ಕುದುರೆಯ ಶಕ್ತಿ. 1 ಎಚ್‌ಪಿ ಎಂದರೆ 746 ವ್ಯಾಟ್. ಎಚ್‌ಪಿಯನ್ನು 0.746ರಿಂದ ಗುಣಿಸಿದರೆ ಕಿಲೋವ್ಯಾಟ್, ಕಿಲೋವ್ಯಾಟನ್ನು 1.34ರಿಂದ ಗುಣಿಸಿದರೆ ಎಚ್‌ಪಿ. ಅರ್ಧ ಎಚ್‌ಪಿಗೆ 373 ವ್ಯಾಟ್, ಹಿಟ್ಟಿನ ಗಿರಣಿಯ 5 ಎಚ್‌ಪಿಗೆ 3.73 ಕಿಲೋವ್ಯಾಟ್, ಹೊಲದ 10 ಎಚ್‌ಪಿ ಪಂಪ್‌ಸೆಟ್‌ಗೆ 7.46 ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್.

ಎಡವಟ್ಟು ಆಗುವುದು ಇಲ್ಲಿಂದ ಮುಂದೆ. ‘746 ವ್ಯಾಟ್ ಅಂದಮ್ಯಾಲೆ ತಾಸಿಗೆ ಮುಕ್ಕಾಲು ಯೂನಿಟ್’ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಮೋಟರಿನ ಪ್ಲೇಟ್ ಮೇಲೂ ‘0.75 ಕಿಲೋವ್ಯಾಟ್ / 1 ಎಚ್‌ಪಿ’ ಎಂದೇ ಕೆತ್ತಿರುತ್ತದಲ್ಲ! ಆಮೇಲೆ ಬಿಲ್ ಹೆಚ್ಚು ಬಂದರೆ ಮೀಟರ್ ಮೇಲೆ ಸಂಶಯ, ಲೈನ್‌ಮನ್ ಜೊತೆ ಜಗಳ. ಮೀಟರ್ ಸರಿಯಾಗೇ ಇರುತ್ತದೆ, ಲೆಕ್ಕವೇ ತಪ್ಪಿರುತ್ತದೆ.

ಪ್ಲೇಟಿನ ಮೇಲಿರುವುದು ಮೋಟರ್ ತಿನ್ನುವ ಕರೆಂಟಿನ ಅಳತೆಯಲ್ಲ, ಅದರ ಶಾಫ್ಟ್ ಹೊರಗೆ ಕೊಡುವ ಶಕ್ತಿ. ಮೊದಲಿನಿಂದಲೂ ಹೀಗೇ. ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ಹೇಳಬೇಕಿತ್ತು. 33,000 ಪೌಂಡ್ ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತಿದರೆ ಒಂದು ಕುದುರೆಯ ಶಕ್ತಿ ಎಂದು ಗೊತ್ತುಮಾಡಿದ. ಅಳೆದದ್ದು ಆದ ಕೆಲಸವನ್ನು. ಎಂಜಿನ್ ಎಷ್ಟು ಕಲ್ಲಿದ್ದಲು ತಿಂದಿತು ಎಂಬುದು ಆ ಅಂಕಿಯಲ್ಲಿ ಇಲ್ಲವೇ ಇಲ್ಲ.

ಮೋಟರ್ ಅರ್ಧ ತಾಸು ಓಡಿದ ಮೇಲೆ ಸ್ವಿಚ್ ತೆಗೆದು ಅದರ ಮೈ ಹತ್ತಿರ ಕೈ ಹಿಡಿಯಿರಿ. ಬಿಸಿ ತಾಗುತ್ತದೆ. ವೈಂಡಿಂಗ್ ತಂತಿ ಕಾಯ್ದದ್ದು, ಬೇರಿಂಗ್ ತಿಕ್ಕಾಟ, ಹಿಂದಿನ ಫ್ಯಾನ್ ತಿರುಗಿದ್ದು ಎಲ್ಲಕ್ಕೂ ದುಡ್ಡು ಕಟ್ಟುವವರು ನೀವೇ. ಸಿಂಗಲ್ ಫೇಸ್ ಸಣ್ಣ ಮೋಟರಿನ ದಕ್ಷತೆ, ಅಂದರೆ ತಿಂದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, 68 ಪ್ರತಿಶತ ಎಂದು ಹಿಡಿಯಿರಿ. 746ನ್ನು 0.68ರಿಂದ ಭಾಗಿಸಿದರೆ ಸುಮಾರು 1,100 ವ್ಯಾಟ್. ಪೂರ್ತಿ ಲೋಡಿನಲ್ಲಿ ಓಡಿದರೆ ತಾಸಿಗೆ 1.1 ಯೂನಿಟ್. ಗಿರಣಿಯ ಮೂರು ಫೇಸ್ ಮೋಟರ್ ಇದಕ್ಕಿಂತ ವಾಸಿ: 86 ಪ್ರತಿಶತ ದಕ್ಷತೆ ಇದ್ದರೆ 5 ಎಚ್‌ಪಿಗೆ 4.34 ಕಿಲೋವ್ಯಾಟ್ ಸಾಕು. ಸುಟ್ಟ ಮೋಟರನ್ನು ಹೇಗ್ಹೇಗೋ ರಿವೈಂಡಿಂಗ್ ಮಾಡಿಸಿದ್ದರೆ ಲೆಕ್ಕ ಇನ್ನೂ ಏರಬಹುದು.

ನನ್ನ ಮಾತು ಬೇಡ, ಮೀಟರನ್ನೇ ಕೇಳಿ. ಮನೆಯ ಉಳಿದೆಲ್ಲ ಸ್ವಿಚ್ ಬಂದ್ ಮಾಡಿ, ಮೋಟರ್ ಒಂದನ್ನೇ ಓಡಿಸಿ. ಮೀಟರಿನಲ್ಲಿ ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ; 3200 ಎಂದಿಟ್ಟುಕೊಳ್ಳೋಣ. ಒಂದು ನಿಮಿಷ ಎಣಿಸಿ. ನಿಮ್ಮ ಮುಕ್ಕಾಲು ಯೂನಿಟ್ ಲೆಕ್ಕ ಖರೆ ಇದ್ದರೆ 40 ಸಲ ಮಿಣುಕಬೇಕು. 59ರ ಆಸುಪಾಸು ಬಂದರೆ 1.1 ಯೂನಿಟ್. ಎಣಿಸಿದ್ದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ನಿಮ್ಮ ಮೋಟರಿನ ನಿಜವಾದ ಕಿಲೋವ್ಯಾಟ್ ಸಿಗುತ್ತದೆ. ನನ್ನ ಹತ್ತಿರ ಕಲಿತ ಹುಡುಗರು ಇದನ್ನು ತಮ್ಮ ತಮ್ಮ ಮನೆಯಲ್ಲಿ ಮಾಡಿ ತೋರಿಸುತ್ತಾರೆ. ನನಗೆ ಅದೇ ದೊಡ್ಡ ಸಂತೋಷ.

ನೀವು ಕೇಳಿಲ್ಲ, ಆದರೂ ಇದೇ ಜಾಡಿನ ಇನ್ನೊಂದು ಮಾತು. ಎಸಿಯ ಟನ್ ಕೂಡ ಶಕ್ತಿಯ ಅಳತೆಯೇ. 1 ಟನ್ ಎಂದರೆ 3.517 ಕಿಲೋವ್ಯಾಟ್. ಹಾಗಾದರೆ ಒಂದೂವರೆ ಟನ್ನಿನ ಎಸಿ ತಾಸಿಗೆ ಐದು ಯೂನಿಟ್ ತಿನ್ನುತ್ತದೆಯೇ? ಇಲ್ಲ. ಇಲ್ಲಿ ಪ್ಲೇಟಿನ ಅಂಕಿ ದೊಡ್ಡದು, ತಿನ್ನುವುದು ಕಡಿಮೆ. ಬ್ಯಾಡಗಿ ಮಾರುಕಟ್ಟೆಯ ಹಮಾಲರು ಮೆಣಸಿನಕಾಯಿ ಚೀಲವನ್ನು ಹೊತ್ತು ಹೊರಗಿಡುತ್ತಾರೆ, ಕಾಯಿ ಬೆಳೆದವರು ಅವರಲ್ಲ. ಎಸಿಯೂ ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ ಅಷ್ಟೇ. 5.28 ಕಿಲೋವ್ಯಾಟ್ ಶಾಖ ಸಾಗಿಸಲು ಅದಕ್ಕೆ ಸುಮಾರು ಒಂದೂವರೆ ಕಿಲೋವ್ಯಾಟ್ ಕರೆಂಟ್ ಸಾಕು. ಅಲ್ಲಿಯ ಕೋಲ್ಡ್ ಸ್ಟೋರೇಜ್ ಯಂತ್ರಗಳ ಟನ್ನಿಗೂ ಇದೇ ಲೆಕ್ಕ. ಎಸಿ ಕೊಳ್ಳುವಾಗ ಟನ್ ನೋಡಿ ಬಿಲ್ ಅಂದಾಜು ಮಾಡಬೇಡಿ, ಲೇಬಲ್ಲಿನಲ್ಲಿ ‘ಇನ್‌ಪುಟ್’ ಎದುರಿಗೆ ಇರುವ ವ್ಯಾಟ್ ಓದಿ.